ಪಿ ನಂಬರ್ ಇಲ್ಲದ ಸಾವಿಗೆ ಪರಿಹಾರ ಸಿಗುತ್ತದೆಯೇ?

ಓದುಗರ ಪ್ರಶ್ನೆ

ಸರ್, ನಾವು ತುಮಕೂರು ಜಿಲ್ಲೆಯವರು. ನಮ್ಮ ಯಜಮಾನರು ಪೀಣ್ಯದ ಒಂದು ಲೇತ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದರು. ಸಂಬಳ ಹದಿನೇಳು ಸಾವಿರ. 2021ರ ಮೇ ತಿಂಗಳಲ್ಲಿ ಜ್ವರ ಬಂದು, ಉಸಿರು ಕಟ್ಟಿ ಊರಿಗೆ ಬಂದರು. ಗಂಟಲು ದ್ರವದ ಟೆಸ್ಟ್ ನೆಗೆಟಿವ್ ಬಂತು, ಆದರೆ ಸ್ಕ್ಯಾನಿಂಗ್ ನೋಡಿದ ಡಾಕ್ಟರು ಇದು ಕೊರೊನಾನೇ ಅಂದರು. ನರ್ಸಿಂಗ್ ಹೋಮ್‌ನಲ್ಲಿ ಎಂಟು ದಿನ ಆಕ್ಸಿಜನ್ ಹಾಕಿದ್ದರು. ಮೇ 24ಕ್ಕೆ ಹೋಗಿಬಿಟ್ಟರು. ಆಗ ಅವರಿಗೆ 41 ವರ್ಷ.

ನಮ್ಮದು ಬಿಪಿಎಲ್ ಕಾರ್ಡು. ಪರಿಹಾರಕ್ಕೆ ಹೋದಾಗ ಪಿ ನಂಬರ್ (ಕೊರೊನಾ ಪಾಸಿಟಿವ್ ಬಂದವರಿಗೆ ಕೊಡುತ್ತಿದ್ದ ರೋಗಿಯ ಸಂಖ್ಯೆ) ಇಲ್ಲ, ಮರಣ ಪತ್ರದಲ್ಲಿ ಕೊರೊನಾ ಅಂತ ಬರೆದಿಲ್ಲ, ಆಗಲ್ಲ ಅಂದರು. ಆಸ್ಪತ್ರೆಯ ಚೀಟಿಯಲ್ಲಿ ‘ಹೃದಯ ಸ್ತಂಭನ’ ಅಂತಿದೆ. ಈಗ ನಮ್ಮೂರಿನ ಒಬ್ಬರು, ಮರಣ ಪತ್ರ ತಿದ್ದಿಸಿ ಪಾಸಿಟಿವ್ ರಿಪೋರ್ಟ್ ಮಾಡಿಸಿಕೊಡುತ್ತೇನೆ, ನಾಲ್ಕು ಲಕ್ಷ ಬರುತ್ತದೆ, ಹದಿನೈದು ಸಾವಿರ ಖರ್ಚಾಗುತ್ತದೆ ಅನ್ನುತ್ತಿದ್ದಾರೆ. ಮಗಳು ಒಂಬತ್ತನೇ ತರಗತಿ, ಮಗ ಐದನೇ ತರಗತಿ. ಮಕ್ಕಳಿಗೆ ತಿಂಗಳಿಗೆ 3,500 ಬರುವ ಯೋಜನೆ ಇದೆಯಂತೆ. ಅತ್ತೆಗೆ 68 ವರ್ಷ, ಹಣ ಬಂದರೆ ತನಗೂ ಪಾಲು ಬೇಕು ಅನ್ನುತ್ತಾರೆ. ನನಗೆ ವಿಧವಾ ವೇತನ 800 ರೂಪಾಯಿ ಬರುತ್ತಿದೆ, ಹೊಲಿಗೆಯಲ್ಲಿ ನಾಲ್ಕೈದು ಸಾವಿರ ಆಗುತ್ತದೆ. ಯಜಮಾನರ ಸಂಬಳದಲ್ಲಿ ಪಿಎಫ್ ಅಂತ ಏನೋ ಹಿಡಿಯುತ್ತಿದ್ದರು, ಕಂಪನಿಯವರು ಆಮೇಲೆ ಫೋನ್ ಎತ್ತಲೇ ಇಲ್ಲ. ನಾಲ್ಕು ವರ್ಷದ ಮೇಲಾಯಿತು. ಇನ್ನೇನಾದರೂ ಆಗುತ್ತದಾ? ಮೈದುನ ಆಗ ಒಂದು ಅರ್ಜಿ ಕೊಟ್ಟಿದ್ದ, ಅದರ ಸಣ್ಣ ಚೀಟಿ ಒಂದಿದೆ, ಅಷ್ಟೇ.

ಉತ್ತರ

ತಾಯಿ, ನೀವು ‘ಅಷ್ಟೇ’ ಎಂದು ಕೊನೆಗೆ ಬರೆದ ಆ ಚೀಟಿಯೇ ನಿಮ್ಮ ಇಡೀ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು. ಅದಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಇನ್ನೊಂದು ಮಾತು. ನೀವು ಇಷ್ಟು ವರ್ಷ ಕೊರೊನಾ ಪರಿಹಾರದ ಹಿಂದೆ ಅಲೆದಿದ್ದೀರಿ. ಅದಕ್ಕಿಂತ ಹೆಚ್ಚಿನ ಹಣ, ನಿಮ್ಮ ಯಜಮಾನರು ಹೇಗೆ ತೀರಿಕೊಂಡರು ಎಂದು ಯಾರೂ ಕೇಳದೆ ಕೊಡಬೇಕಾದ ಹಣ, ಬೇರೆ ಕಡೆ ನಿಮ್ಮ ಹೆಸರಿನಲ್ಲಿ ಬಾಕಿ ಬಿದ್ದಿರುವ ಸಾಧ್ಯತೆ ಬಹಳ ಇದೆ. ಕಂದಾಯ ಇಲಾಖೆಯಲ್ಲಿ ಸಾಮಾಜಿಕ ಭದ್ರತೆಯ ಕಡತಗಳನ್ನು ನೋಡಿಕೊಂಡು ನಿವೃತ್ತನಾದವನು ನಾನು. ಕೊರೊನಾದ ಆ ಎರಡು ವರ್ಷ ನನ್ನ ಮೇಜಿಗೆ ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಇದೇ ತಪ್ಪು ದಾರಿಯಲ್ಲಿ ಸುಸ್ತಾಗಿದ್ದರು. ತಪ್ಪು ಅವರದಾಗಿರಲಿಲ್ಲ, ಹೇಳುವವರೇ ಇರಲಿಲ್ಲ.

ಮೊದಲು ಮರಣ ಪತ್ರದ ವಿಷಯ. ಅದರಲ್ಲಿ ಕೊರೊನಾ ಅಂತ ಬರೆದಿಲ್ಲ ಎಂದು ನಿಮ್ಮನ್ನು ವಾಪಸ್ ಕಳಿಸಿದರಲ್ಲ, ಅದು ಸರಿಯಲ್ಲ. ಪಂಚಾಯಿತಿಯಿಂದಲೋ ನಗರಸಭೆಯಿಂದಲೋ ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಯಾರದ್ದೂ ಇರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮು, ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಕಾಣಿಸಬಾರದು ಎಂದೇ ಹೇಳುತ್ತದೆ. ಇಲ್ಲದ್ದನ್ನು ತಿದ್ದಿಸುವುದು ಹೇಗೆ? ತಿದ್ದಿಸಿಕೊಡುತ್ತೇನೆ ಅನ್ನುವವರಿಗೆ ಇಷ್ಟೂ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುತ್ತಿದ್ದಾರೆ.

ಕಾರಣ ಇರುವುದು ಆಸ್ಪತ್ರೆಯವರು ತುಂಬುವ ‘ನಮೂನೆ 4’ರಲ್ಲಿ. ನೀವು ಆಸ್ಪತ್ರೆಯ ಚೀಟಿ ಅಂದದ್ದು ಅದೇ ಇರಬೇಕು. ಅದನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿ. ಕಾರಣದ ಜಾಗದಲ್ಲಿ ಒಂದೇ ಸಾಲಲ್ಲ, ಎ, ಬಿ, ಸಿ ಎಂದು ಮೂರು ಸಾಲು ಇರುತ್ತವೆ. ಮೊದಲ ಸಾಲಿನಲ್ಲಿ ಕೊನೆಯ ಗಳಿಗೆಯಲ್ಲಿ ಏನಾಯಿತು ಎಂದು ಬರೆಯುತ್ತಾರೆ. ಅದು ಯಾಕೆ ಆಯಿತು ಎಂಬುದು ಎರಡನೆಯದರಲ್ಲಿ. ಮೂಲ ಕಾಯಿಲೆ ಎಲ್ಲಕ್ಕಿಂತ ಕೆಳಗೆ. ಅವಸರದಲ್ಲಿ ಎಷ್ಟೋ ಡಾಕ್ಟರು ಮೊದಲ ಸಾಲಿನಲ್ಲಿ ‘ಹೃದಯ ಸ್ತಂಭನ’ ಎಂದು ಬರೆದು ಕೈತೊಳೆದುಕೊಂಡರು. ಹೃದಯ ನಿಲ್ಲದೆ ಯಾರೂ ಸಾಯುವುದಿಲ್ಲ. ಅದು ಸಾಯುವ ರೀತಿಯೇ ಹೊರತು ಕಾರಣವಲ್ಲ ಎಂದು ಆ ನಮೂನೆಯಲ್ಲೇ ಸೂಚನೆ ಅಚ್ಚಾಗಿದೆ. ನಿಮ್ಮ ಪ್ರತಿಯ ಬಿ, ಸಿ ಸಾಲುಗಳಲ್ಲಿ ನ್ಯುಮೋನಿಯ, ವೈರಲ್, ಕೋವಿಡ್ ಎಂಬ ಯಾವ ಪದವಿದ್ದರೂ, ಯು07.1 ಅಥವಾ ಯು07.2 ಎಂಬ ಸಂಕೇತವಿದ್ದರೂ ಅದನ್ನು ಗುರುತು ಹಾಕಿಕೊಳ್ಳಿ. ಎರಡನೆಯ ಸಂಕೇತ ಪರೀಕ್ಷೆಯಲ್ಲಿ ಖಚಿತವಾಗದೆ ಲಕ್ಷಣಗಳ ಮೇಲೆ ಗುರುತಿಸಿದ ಕೋವಿಡ್‌ಗೆಂದೇ ಇರುವುದು.

ಪಿ ನಂಬರ್ ಇಲ್ಲದ್ದೂ ನಿಮ್ಮೊಬ್ಬರ ಕಥೆಯಲ್ಲ. ಪರೀಕ್ಷೆ ಪಾಸಿಟಿವ್ ಬಂದವರಿಗೆ ಮಾತ್ರ ನಮ್ಮ ರಾಜ್ಯದಲ್ಲಿ ಆ ಸಂಖ್ಯೆ ಬೀಳುತ್ತಿತ್ತು. 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ಪ್ರಕರಣ ದಾಖಲಾದವು. ಆ ನೂಕುನುಗ್ಗಲಲ್ಲಿ ಸರಿಯಾಗಿ ತೆಗೆಯದ ಮಾದರಿ, ತಡವಾಗಿ ತೆಗೆದ ಮಾದರಿ, ವೈರಸ್ ಗಂಟಲಿನಿಂದ ಶ್ವಾಸಕೋಶಕ್ಕೆ ಇಳಿದ ಮೇಲೆ ತೆಗೆದ ಮಾದರಿ, ಇಂಥವು ಎಷ್ಟೋ ನೆಗೆಟಿವ್ ಎಂದು ಬಂದವು. ಅತ್ತ ಸ್ಕ್ಯಾನಿಂಗ್‌ನಲ್ಲಿ ಶ್ವಾಸಕೋಶ ಬೆಳ್ಳಗಾಗಿರುತ್ತಿತ್ತು. ಡಾಕ್ಟರು ಕೊರೊನಾ ಎಂದೇ ಚಿಕಿತ್ಸೆ ಕೊಟ್ಟರು, ಶವವನ್ನೂ ಹಾಗೆಯೇ ಸುತ್ತಿ ಕೊಟ್ಟರು, ಕಾಗದದಲ್ಲಿ ಮಾತ್ರ ಕೊರೊನಾ ಇರಲಿಲ್ಲ.

ಇದನ್ನು ಸರಿಪಡಿಸಲೆಂದೇ ನಿಯಮ ಬಂತು. 2021ರ ಜೂನ್ 30ರಂದು ಸುಪ್ರೀಂ ಕೋರ್ಟ್, ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಮೃತರ ಕುಟುಂಬಕ್ಕೆ ಪರಿಹಾರ ಕೊಡಲೇಬೇಕು, ಮೊತ್ತ ಎಷ್ಟೆಂದು ಗೊತ್ತುಮಾಡಿ ಎಂದಿತು. ಸೆಪ್ಟೆಂಬರ್ 3ರಂದು ಕೇಂದ್ರದ ಮಾರ್ಗಸೂಚಿ ಹೊರಬಿತ್ತು: ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರಷ್ಟೇ ಅಲ್ಲ, ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟ ವೈದ್ಯರು ತಪಾಸಣೆಗಳ ಮೇಲೆ ಕೋವಿಡ್ ಎಂದು ನಿರ್ಧರಿಸಿದವರೂ ಕೋವಿಡ್ ರೋಗಿಗಳೇ, ಅಲ್ಲಿಂದ 30 ದಿನದೊಳಗೆ ತೀರಿಕೊಂಡರೆ ಅದು ಕೋವಿಡ್ ಸಾವು. ಕಾಗದದಲ್ಲಿ ಬರೆದ ಸಾವಿನ ಕಾರಣ ಒಪ್ಪದ ಕುಟುಂಬದ ಅಹವಾಲು ಕೇಳಲು ಜಿಲ್ಲೆಗೊಂದು ಸಮಿತಿ. 50,000 ರೂಪಾಯಿಯ ಮೊತ್ತಕ್ಕೆ ಅಕ್ಟೋಬರ್ 4ರಂದು ಕೋರ್ಟ್ ಒಪ್ಪಿಗೆ ಕೊಟ್ಟಿತು. ಮರಣ ಪತ್ರದಲ್ಲಿ ಕೋವಿಡ್ ಎಂದು ಇಲ್ಲ ಎಂಬ ಒಂದೇ ಕಾರಣಕ್ಕೆ ಯಾವ ರಾಜ್ಯವೂ ನಿರಾಕರಿಸುವಂತಿಲ್ಲ ಎಂದೂ ಹೇಳಿತು. ಅಂದರೆ ನಿಮ್ಮನ್ನು ಬರಿಗೈಯಲ್ಲಿ ಕಳಿಸುವ ಬದಲು ಆ ಕಾಗದಗಳನ್ನು ಜಿಲ್ಲಾ ಸಮಿತಿಗೆ ಕಳಿಸಬೇಕಿತ್ತು. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ‘ಪಿ ನಂ. ಇಲ್ಲ’ ಎಂದು ಪೆನ್ಸಿಲ್‌ನಲ್ಲಿ ಬರೆದ ಅರ್ಜಿಗಳ ಒಂದು ಕಟ್ಟು ಬೀರುವಿನ ಕೆಳಗಿನ ಅರೆಯಲ್ಲಿ ಸುಮ್ಮನೆ ಕೂತಿತ್ತು. ತಿರಸ್ಕಾರದ ಆದೇಶವಿಲ್ಲ, ಸಮಿತಿಗೆ ಕಳಿಸಿದ ಪತ್ರವೂ ಇಲ್ಲ. ಬೇರೆ ಶಾಖೆಯಿಂದ ವರ್ಗವಾಗಿ ಬಂದ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು. ಒಂದೊಂದು ಅರ್ಜಿಗೂ ಒಂದು ಫೋಟೊ ಅಂಟಿಸಿದ್ದರು. ಈಗಲೂ ಅದು ನೆನಪಾದರೆ ಮನಸ್ಸು ಕದಡುತ್ತದೆ.

ಆದ್ದರಿಂದಲೇ ಮೈದುನನ ಆ ಚೀಟಿ ಮುಖ್ಯ. 2022ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಗಡುವು ಹಾಕಿತು. ಅದೇ ಮಾರ್ಚ್ 20ಕ್ಕೆ ಮುಂಚಿನ ಸಾವುಗಳಿಗೆ 60 ದಿನದೊಳಗೆ ಅರ್ಜಿ ಹಾಕಬೇಕು, ನಂತರದ ಸಾವುಗಳಿಗೆ 90 ದಿನ. ಗಡುವು ಮೀರಿದವರು ತೀರಾ ಕಷ್ಟದಲ್ಲಿದ್ದುದರಿಂದ ಬರಲಾಗಲಿಲ್ಲ ಎಂದು ತೋರಿಸಿದರೆ ಅದೇ ಜಿಲ್ಲಾ ಸಮಿತಿ ಅಂಥ ಒಂದೊಂದನ್ನೂ ಪರಿಶೀಲಿಸಬಹುದು. ಇವತ್ತು ಹೊಸದಾಗಿ ಅರ್ಜಿ ಹಾಕುವವರಿಗೆ ಈ ಕಿರಿದಾದ ಕಿಂಡಿಯೊಂದೇ ಇರುವುದು, ಅದರಲ್ಲಿ ತೂರುವುದು ಕಷ್ಟ. ಆದರೆ ನಿಮ್ಮ ಮೈದುನ ಆಗಲೇ ಅರ್ಜಿ ಕೊಟ್ಟಿದ್ದು, ಚೀಟಿಯ ಮೇಲೆ 2022ರ ಮೇ 23ಕ್ಕಿಂತ ಮುಂಚಿನ ತಾರೀಖು, ಅರ್ಜಿ ಸಂಖ್ಯೆ ಇದ್ದರೆ ನೀವು ತಡವಾಗಿ ಬಂದವರಲ್ಲ. ತೀರ್ಮಾನ ಮಾಡದೆ ಉಳಿಸಿಕೊಂಡದ್ದು ಕಚೇರಿ. ಕೋರ್ಟ್ 30 ದಿನದಲ್ಲಿ ಇತ್ಯರ್ಥ ಮಾಡಿ ಎಂದಿದ್ದ ಅರ್ಜಿ ಅದು.

ಹೋಗಿ ಬಾಯಲ್ಲಿ ಕೇಳಬೇಡಿ. ಮಾಹಿತಿ ಹಕ್ಕಿನ ‘ನಮೂನೆ ಎ’ಯಲ್ಲಿ ತಾಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹೀಗೆ ಬರೆದರೆ ಸಾಕು: ‘ಇಂಥ ದಿನಾಂಕದಂದು ಇಂಥ ಸಂಖ್ಯೆಯಲ್ಲಿ ಸ್ವೀಕರಿಸಿದ ಕೋವಿಡ್ ಪರಿಹಾರದ ಅರ್ಜಿಯ ಮೇಲೆ ಈವರೆಗೆ ಕೈಗೊಂಡ ಕ್ರಮ, ತಿರಸ್ಕರಿಸಿದ್ದರೆ ಆದೇಶದ ಪ್ರತಿ, ಜಿಲ್ಲಾ ಸಮಿತಿಗೆ ಕಳಿಸಿದ್ದರೆ ಆ ಪತ್ರದ ಪ್ರತಿ, ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ.’ ಶುಲ್ಕ 10 ರೂಪಾಯಿ; ಬಿಪಿಎಲ್ ಕಾರ್ಡಿನ ನಕಲು ಇಟ್ಟರೆ ಅದೂ ಬೇಡ. 30 ದಿನದಲ್ಲಿ ಉತ್ತರ ಕೊಡಬೇಕು. ಆ ಉತ್ತರ ಕೈಗೆ ಬಂದ ಮೇಲೆ ಜಿಲ್ಲಾಧಿಕಾರಿಗಳಿಗೆ ಮನವಿ ಬರೆದು, ಬಾಕಿ ಅರ್ಜಿಯನ್ನು ಸಮಿತಿಯ ಮುಂದೆ ಇಡಿ ಎಂದು ಕೇಳಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳದೆ ಬರಬೇಡಿ.

ಸಮಿತಿಯ ಮುಂದೆ ನಿಲ್ಲಬೇಕಾದ್ದು ಆಸ್ಪತ್ರೆಯ ಕಾಗದಗಳು: ಸ್ಕ್ಯಾನಿಂಗ್ ಫಿಲ್ಮು ಮತ್ತು ವರದಿ, ಕೇಸ್ ಶೀಟು, ಬಿಲ್ಲುಗಳು, ಆಕ್ಸಿಜನ್ ಮತ್ತು ಇಂಜೆಕ್ಷನ್ನಿನ ವಿವರ. ಇಲ್ಲೊಂದು ತೊಡಕಿದೆ, ಮುಚ್ಚಿಡುವುದಿಲ್ಲ. ವೈದ್ಯಕೀಯ ಮಂಡಳಿಯ ನಿಯಮದ ಪ್ರಕಾರ ಡಾಕ್ಟರು ದಾಖಲೆ ಕಾಪಾಡಬೇಕಾದ್ದು ಮೂರು ವರ್ಷ. ಆ ಅವಧಿ 2024ರ ಮೇಗೆ ಮುಗಿದಿದೆ. ಆದರೂ ಲಿಖಿತವಾಗಿ ಕೇಳಿ. ಕೋವಿಡ್ ಕಾಲದ ಕಡತಗಳನ್ನು ಇನ್ನೂ ಇಟ್ಟುಕೊಂಡ ಆಸ್ಪತ್ರೆಗಳಿವೆ. ಸರ್ಕಾರಿ ಕೋಟಾದ ಹಾಸಿಗೆಯಲ್ಲಿ ಸೇರಿಸಿದ್ದರೆ ಬಿಲ್ಲು ಕಟ್ಟಿರುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಅಲ್ಲೂ ಕೇಳಬಹುದು. ಮನೆಯಲ್ಲಿ ಟ್ರಂಕು, ಅಟ್ಟ, ಹಳೇ ಬ್ಯಾಗು ಎಲ್ಲ ಹುಡುಕಿ. ಔಷಧಿ ಅಂಗಡಿಯ ಬಿಲ್ಲೂ ಸಾಕ್ಷಿಯೇ.

ಸಿಕ್ಕರೆ ಎಷ್ಟು? ಕೇಂದ್ರದ ನಿಯಮದಂತೆ 50,000. ಬಿಪಿಎಲ್ ಕುಟುಂಬದ ದುಡಿಯುವ ವ್ಯಕ್ತಿ ತೀರಿಕೊಂಡಿದ್ದರೆ ಅದರ ಮೇಲೆ ರಾಜ್ಯದ 1 ಲಕ್ಷ. 2021ರ ಜೂನ್‌ನಲ್ಲಿ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಘೋಷಿಸಿದ್ದು. ಮೊದಲನೆಯದಕ್ಕೆ ಸುಪ್ರೀಂ ಕೋರ್ಟಿನ ಬಲ ಇದೆ. ಎರಡನೆಯದಕ್ಕೆ ಸರ್ಕಾರ ಈಗ ಹಣ ಬಿಡುಗಡೆ ಮಾಡಬೇಕು. ಬಂದರೆ ಬರಲಿ, ಅದನ್ನು ನೆಚ್ಚಿ ಸಾಲ ಮಾಡಬೇಡಿ. ಸಮಿತಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ವರ್ಷಗಟ್ಟಲೆ ಎಳೆಯಬಹುದು, ಗೆಲುವು ನಿಮ್ಮ ಕಾಗದಗಳ ಮೇಲೆ ನಿಂತಿದೆ. ವಕೀಲರ ಖರ್ಚಿಗೆ ಹೆದರಬೇಡಿ: ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಅವರ ಕಚೇರಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ನಾಲ್ಕು ಲಕ್ಷದ ಮಾತು ಎಲ್ಲಿಂದ ಬಂತು ಅಂದರೆ, 2020ರ ಮಾರ್ಚ್ 14ರಂದು ಕೇಂದ್ರ ಗೃಹ ಸಚಿವಾಲಯ ಕೋವಿಡ್ ಸಾವಿಗೆ 4 ಲಕ್ಷ ಎಂದು ಪತ್ರ ಹೊರಡಿಸಿ, ಅದೇ ದಿನ ತಿದ್ದಿ ಅದನ್ನು ತೆಗೆದುಹಾಕಿತು. ಮೊದಲಿನ ಪತ್ರದ ಫೋಟೊ ಇಂದಿಗೂ ವಾಟ್ಸಾಪ್‌ನಲ್ಲಿ ತಿರುಗುತ್ತಿದೆ. ಆ ಹಣ ಯಾರಿಗೂ ಬರುವುದಿಲ್ಲ. ನಿಮ್ಮೂರಿನವರು ಮಾಡಿಸಿಕೊಡುತ್ತೇನೆ ಅಂದ ಪಾಸಿಟಿವ್ ರಿಪೋರ್ಟ್‌ನ ಅಪಾಯ ಇನ್ನೂ ದೊಡ್ಡದು. ಸುಳ್ಳು ದಾಖಲೆ ಕೊಟ್ಟು ಪರಿಹಾರ ಕೇಳಿದರೆ ವಿಪತ್ತು ನಿರ್ವಹಣಾ ಕಾಯ್ದೆಯ 52ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು, ದಂಡ. ಅರ್ಜಿಗೆ ಸಹಿ ಹಾಕುವವರು ನೀವು, ಅವರಲ್ಲ. ನಿಜವಾಗಿಯೂ ಕೊರೊನಾದಿಂದ ಹೋದವರ ಹೆಂಡತಿ ಸುಳ್ಳು ರಿಪೋರ್ಟಿನಿಂದ ಆರೋಪಿಯಾಗುವುದನ್ನು ನನ್ನಿಂದ ಊಹಿಸಲೂ ಆಗುವುದಿಲ್ಲ. ಹದಿನೈದು ಸಾವಿರದಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ಪಿಎಫ್. ‘ಏನೋ ಹಿಡಿಯುತ್ತಿದ್ದರು’ ಎಂದು ಬರೆದಿದ್ದೀರಿ. ಆ ‘ಏನೋ’ ಒಂದಲ್ಲ, ಮೂರು.

ಒಂದು, ಹನ್ನೊಂದು ವರ್ಷ ಅವರ ಸಂಬಳದಿಂದ ಹಿಡಿದದ್ದು, ಮಾಲೀಕರು ಸೇರಿಸಿದ್ದು, ಅದರ ಬಡ್ಡಿ. ಎರಡು, ಇಡಿಎಲ್‌ಐ ಎಂಬ ವಿಮೆ. ಪಿಎಫ್ ಸದಸ್ಯರಿಗೆ ಇದು ತಾನಾಗಿಯೇ ಇರುತ್ತದೆ, ಕಾರ್ಮಿಕ ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. ಕೆಲಸದಲ್ಲಿದ್ದಾಗ ತೀರಿಕೊಂಡರೆ ಸಾಕು. ಕೊರೊನಾವೋ, ಹೃದಯವೋ, ಹಾವು ಕಡಿತವೋ ಎಂದು ಕೇಳುವುದಿಲ್ಲ. ಕೊನೆಯ 12 ತಿಂಗಳ ಸರಾಸರಿ ವೇತನದ (15,000ಕ್ಕೆ ಮಿತಿ) 35 ಪಟ್ಟು, ಅದಕ್ಕೆ ಪಿಎಫ್ ಖಾತೆಯ ಸರಾಸರಿ ಮೊತ್ತದ ಅರ್ಧ, ಗರಿಷ್ಠ 1.75 ಲಕ್ಷ, ಸೇರುತ್ತದೆ. ಒಟ್ಟು ಹೆಚ್ಚೆಂದರೆ 7 ಲಕ್ಷ. 12 ತಿಂಗಳು ಬಿಡದೆ ಕೆಲಸದಲ್ಲಿದ್ದವರಿಗೆ ಕನಿಷ್ಠ 2.5 ಲಕ್ಷ. ಲಾಕ್‌ಡೌನ್‌ನಲ್ಲಿ ಸಂಬಳ ಕಡಿಮೆ ಕೊಟ್ಟಿದ್ದರೆ ನಿಮ್ಮ ಲೆಕ್ಕ ಸ್ವಲ್ಪ ಇಳಿಯಬಹುದು. ಹಾಗಿದ್ದರೂ ನೀವು ಇಷ್ಟು ವರ್ಷ ಹಿಂಬಾಲಿಸಿದ 50,000ದ ಜೊತೆ ಇದನ್ನು ಹೋಲಿಸಿ ನೋಡಿ. ಮೂರು, ಪಿಂಚಣಿ. ನಿಮಗೆ ತಿಂಗಳಿಗೆ ಕನಿಷ್ಠ 1,000 ರೂಪಾಯಿ, ಇಬ್ಬರು ಮಕ್ಕಳಿಗೂ 25 ವರ್ಷ ತುಂಬುವವರೆಗೆ ನಿಮ್ಮ ಪಿಂಚಣಿಯ ಕಾಲು ಭಾಗದಷ್ಟು. ಈ ಪಿಂಚಣಿ ಲೆಕ್ಕಕ್ಕೆ ಹಿಡಿಯುವುದು ಸಾವಿನ ಮರುದಿನದಿಂದ, ಅರ್ಜಿಯ ದಿನದಿಂದಲ್ಲ.

ಕಂಪನಿಯವರು ಫೋನ್ ಎತ್ತದಿದ್ದರೆ ಪಿಎಫ್ ಕಚೇರಿಗೆ ನೇರವಾಗಿ ಹೋಗಿ. ಅವರ ಸಂಬಳ ಚೀಟಿ, ಯುಎಎನ್ ಎಂಬ ಪಿಎಫ್ ಸದಸ್ಯರ ನಂಬರು, ಕೊನೆಗೆ ಪಿಎಫ್ ಮೆಸೇಜ್ ಬರುತ್ತಿದ್ದ ಹಳೇ ಮೊಬೈಲ್, ಏನಿದ್ದರೂ ತೆಗೆದುಕೊಂಡು ಹೋಗಿ. ಸಾವಿನ ಪ್ರಕರಣಕ್ಕೆ ಒಂದೇ ಸಂಯುಕ್ತ ಅರ್ಜಿ ನಮೂನೆ ಇದೆ, ಮೂರನ್ನೂ ಅದರಲ್ಲೇ ಕೇಳಬಹುದು. ಕಾರ್ಖಾನೆ ಮುಚ್ಚಿಹೋಗಿದ್ದರೆ ಬ್ಯಾಂಕ್ ಮ್ಯಾನೇಜರ್ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಆಗುತ್ತದೆ.

ಸಂಬಳ 21,000ದ ಒಳಗಿದ್ದುದರಿಂದ ಇಎಸ್‌ಐ ಎಂಬ ನೌಕರರ ರಾಜ್ಯ ವಿಮೆ ಕೂಡ ಇದ್ದಿರಬೇಕು. 2020ರ ಮಾರ್ಚ್ 24ರಿಂದ ಎರಡು ವರ್ಷ ಇಎಸ್‌ಐನವರದೇ ಕೋವಿಡ್ ಪರಿಹಾರ ಯೋಜನೆ ಇತ್ತು: ಅವಲಂಬಿತರಿಗೆ ಸರಾಸರಿ ದಿನಗೂಲಿಯ ನೂರಕ್ಕೆ 90 ಭಾಗ, ತಿಂಗಳಿಗೆ ಕನಿಷ್ಠ 1,800. ಕಾಯಿಲೆ ಪತ್ತೆಗೆ ಮೂರು ತಿಂಗಳು ಮುಂಚೆ ನೋಂದಣಿ, ಹಿಂದಿನ ಒಂದು ವರ್ಷದಲ್ಲಿ 70 ದಿನದ ವಂತಿಗೆ ಇರಬೇಕು. ಇದು ಮಾತ್ರ ಕೋವಿಡ್ ಎಂಬ ದಾಖಲೆ ಕೇಳುತ್ತದೆ. ಜಿಲ್ಲಾ ಸಮಿತಿಯ ಹಿಂದೆ ಬೀಳಿ ಎಂದು ನಾನು ಒತ್ತಿ ಹೇಳುವುದಕ್ಕೆ ನಿಜವಾದ ಕಾರಣ ಇದೇ. ಇದು ಕೋವಿಡ್ ಸಾವು ಎಂಬ ಸಮಿತಿಯ ಪ್ರಮಾಣಪತ್ರ ಸಿಕ್ಕರೆ 50,000ಕ್ಕಿಂತ ದೊಡ್ಡ ಬೀಗಕ್ಕೂ ಅದು ಕೀಲಿಯಾಗಬಹುದು.

ಅವರ ಬ್ಯಾಂಕ್ ಪಾಸ್‌ಬುಕ್ ತೆಗೆಯಿರಿ. 2020ರ ಮೇ-ಜೂನ್ ಪುಟದಲ್ಲಿ 330 ರೂಪಾಯಿ ಕಡಿತವಾಗಿದೆಯೇ ನೋಡಿ. ಇದ್ದರೆ ಅದು ಜೀವನ್ ಜ್ಯೋತಿ ವಿಮೆ, 2 ಲಕ್ಷದ್ದು. ಆ ವರ್ಷದ ವಿಮೆ 2021ರ ಮೇ 31ರವರೆಗೆ. ಅವರು ಹೋದದ್ದು ಮೇ 24ಕ್ಕೆ, ಅವಧಿ ಮುಗಿಯಲು ಒಂದು ವಾರ ಉಳಿದಿತ್ತು. 12 ರೂಪಾಯಿ ಕಡಿತವಾಗಿದ್ದರೆ ಅದು ಅಪಘಾತ ವಿಮೆ, ಕಾಯಿಲೆಗೆ ಬರುವುದಿಲ್ಲ. ಬ್ಯಾಂಕಿನವರು ತಡವಾಯಿತು ಅನ್ನುತ್ತಾರೆ, ಅನ್ನಲಿ. ತಡವಾಯಿತೆಂಬ ಒಂದೇ ಕಾರಣಕ್ಕೆ ನ್ಯಾಯವಾದ ಕ್ಲೇಮನ್ನು ಯಾಂತ್ರಿಕವಾಗಿ ತಿರಸ್ಕರಿಸಬೇಡಿ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ತಡವಾದದ್ದೇಕೆ ಎಂದು ಒಂದು ಪುಟ ಬರೆದು ಸೇರಿಸಿ. ಲಿಖಿತವಾಗಿ ನಿರಾಕರಿಸಿದರೆ ಒಂದು ವರ್ಷದೊಳಗೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು, ಶುಲ್ಕವಿಲ್ಲ.

3,500 ರೂಪಾಯಿಯ ಬಾಲ ಸೇವಾ ಯೋಜನೆ ನಿಮ್ಮ ಮಕ್ಕಳಿಗೆ ಬರುವುದಿಲ್ಲ. ಅದು ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವರಿಗೆ. ಆದರೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ವಿಧವೆಯರ ಮಕ್ಕಳಿಗೂ ತಿಂಗಳಿಗೆ 4,000 ಇದೆ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ಮೀರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಿ. ಅನುದಾನಕ್ಕೆ ತಕ್ಕಂತೆ ಆಯ್ಕೆ ಮಾಡುವುದರಿಂದ ಕಾಯಬೇಕಾಗಬಹುದು. 18 ತುಂಬುವವರೆಗೆ ಮಾತ್ರ ಸಿಗುವುದರಿಂದ ಮಗಳದ್ದನ್ನು ಮೊದಲು ಹಾಕಿ.

ಅತ್ತೆಯವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರೂ ಮಗನನ್ನು ಕಳೆದುಕೊಂಡವರು, ಉತ್ತರಾಧಿಕಾರದ ಕಾನೂನಿನಲ್ಲಿ ತಾಯಿಗೂ ಹೆಂಡತಿ ಮಕ್ಕಳ ಸಮಕ್ಕೆ ಸ್ಥಾನವಿದೆ. ಪಿಎಫ್‌ನಲ್ಲಿ ನಾಮಿನಿ ಯಾರೆಂದು ಮೊದಲು ನೋಡಿ, ಆಮೇಲೆ ಮಾತಾಡಿ. ಕೊಡುವುದಿಷ್ಟು ಎಂದು ಒಪ್ಪಿ ಕಾಗದಕ್ಕೆ ಇಳಿಸಿದರೆ ಅವರ ತಕರಾರು ಅರ್ಜಿಯಿಂದ ನಿಮ್ಮ ಕಡತ ನಿಲ್ಲುವುದಿಲ್ಲ. ಅವರಿಗೆ ಸಂಧ್ಯಾ ಸುರಕ್ಷಾ ಬರುತ್ತಿದೆಯೇ? 65 ದಾಟಿದೆ, ತಿಂಗಳಿಗೆ 1,200 ಇದೆ. ಇಲ್ಲದಿದ್ದರೆ ನೀವೇ ನಾಡಕಚೇರಿಗೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿ.

ಈ ವಾರ ಪಿಎಫ್ ಕಚೇರಿ, ಮುಂದಿನ ವಾರ ಬ್ಯಾಂಕ್, ಮಾಹಿತಿ ಹಕ್ಕಿನ ಅರ್ಜಿ ಅಂಚೆಯಲ್ಲಿ. ಆದರೆ ಇವತ್ತೇ, ಸಂಜೆಯೊಳಗೆ, ಮೈದುನನ ಆ ಸಣ್ಣ ಚೀಟಿಯನ್ನು ನಾಲ್ಕು ಜೆರಾಕ್ಸ್ ಮಾಡಿಸಿ, ಮೊಬೈಲ್‌ನಲ್ಲಿ ಫೋಟೊ ತೆಗೆದು ಮಗಳ ನಂಬರಿಗೂ ಕಳಿಸಿ. ನುಣುಪು ಕಾಗದದ ಮೇಲೆ ಶಾಖದಿಂದ ಅಚ್ಚಾದ ಚೀಟಿಯಾಗಿದ್ದರೆ ಅದರ ಅಕ್ಷರ ವರ್ಷ ಕಳೆದಂತೆ ಮಾಸುತ್ತದೆ. ಅರ್ಜಿಯ ಸಂಖ್ಯೆ ಇನ್ನೂ ಓದಲು ಬರುತ್ತಿದ್ದರೆ ನನಗೊಂದು ಸಾಲು ಬರೆಯಿರಿ, ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಯ ಕರಡು ನಾನು ಮಾಡಿಕೊಡುತ್ತೇನೆ.